ತೋಟಗಳಿಗೆ ಗಾಳಿಯ ಮರೆ

ಮೈಸೂರು ಸೀಮೆಯ ಮೈದಾನ ಭಾಗದಲ್ಲಿ ಆಷಾಢ ಶ್ರಾವಣ ಮಾಸಗಳಲ್ಲಿ ಪಶ್ಚಿಮ ಮತ್ತು ನೈರುತ್ಯ ದಿಕ್ಕುಗಳಿಂದ ಬೀಸುವ ಗಾಳಿಯ ರಭಸವು ತೋಟವನ್ನಿಟ್ಟಿರುವವರೆಲ್ಲರಿಗೂ ತಿಳಿದದ್ದೇ ಆಗಿದೆ. ಗೊನೆ ಹೊತ್ತ ಬಾಳೆಯು ಬುಡಸಮೇತ ಒರಗುವುದು. ಎಲೆಗಳು ಸೀಳಿ ಚಿಂದಿಯಾಗುವುದರಿಂದ ಉಳಿದ ಗಿಡಗಳ ಗೊನೆಯೂ ಬಡವಾಗುವುದು. ವೀಳ್ಯದೆಲೆಯ ಬಳ್ಳಿಯು ಆಸರೆಯಿಂದ ಕಳಚಿ ಬೀಳುವುದು. ಇವು ಕಣ್ಣಿಗೆ ಕಾಣತಕ್ಕ ನಷ್ಟಗಳು. ಇದಲ್ಲದೆ ಗಾಳಿಯು ನೆಲದ ತೇವವನ್ನೂ ಎಲೆಗಳ ತೇವವನ್ನೂ ಹೀರಿಕೊಂಡು ಹೋಗುವುದು. ಬಾವಿಯ ನೀರನ್ನೇ ನಂಬಿದ ತೋಟಗಾರನು ಇದನ್ನು ಅಲಕ್ಷ್ಯ ಮಾಡಕೂಡದು.

ತೋಟದ ಪಡುವಣ ಅಂಚಿನಲ್ಲಿ ದಕ್ಷಿಣೋತ್ತರವಾಗಿ ಮರಗಳ ಸಾಲನ್ನು ಬೆಳೆಸುವುದೇ ಇದಕ್ಕೆ ಪರಿಹಾರವು. ಆದರೆ ಸಾಲನ್ನು ಬೆಳೆಸಿಯೂ ಪ್ರಯೋಜನ ಕಾಣದವರು ಅನೇಕರಿದ್ದಾರೆ. ಗೋಡೆಯಂತೆ ಸಂದಿಲ್ಲದ ಮರೆಯೇ ಶ್ರೇಷ್ಠವೆಂದು ಬಹು ಮಂದಿ ಭಾವಿಸಿರುವುದು ಇದಕ್ಕೆ ಒಂದು ಕಾರಣ. ಗೋಡೆಗೆ ಬಡಿದ ಗಾಳಿಯು ಅದನ್ನು ಹತ್ತಿ ದಾಟಿ, ಆಚೆಯ ಬದಿಯಲ್ಲಿ ಸುಳಿಸುಳಿಯಾಗಿ ನೆಲಕ್ಕೆ ಎರಗುವುದು. ಸಂಚಾರ ಕಾಲದಲ್ಲಿ ನಾನು ನೋಡಿದ ಒಂದು ಬಾಳೆಯ ತೋಟದಲ್ಲಿ, ಎತ್ತರವಾದ ಮಣ್ಣಿನ ಗೋಡೆಗೆ ಒತ್ತಿನಲ್ಲಿದ್ದ ಎರಡು ಸಾಲುಗಳು ನೆಟ್ಟಗೆ ನಿಂತಿದ್ದು, ಅವುಗಳ ಆಚೆಯ ನಾಲ್ಕು ಸಾಲುಗಳು ಮಲಗಿದ್ದುವು. ಗಾಳಿಯಲ್ಲಿ ಸುಮಾರು ಅರ್ಧ ಭಾಗವನ್ನು ಜರಡಿಯಂತೆ ಸೋಸಿ ಬಿಡತಕ್ಕ ಮರೆಯಾದರೆ, ಅದರ ಎತ್ತರದ ಹತ್ತರಷ್ಟು ದೂರದವರೆಗೆ ರಭಸವು ತಗ್ಗಿರುವುದು. 30 ಅಡಿ ಎತ್ತರದ ಸಾಲು ಸುಮಾರು 300 ಅಡಿ ಅಗಲದ ತೋಟಕ್ಕೆ ಆಸರೆಯಾಗುವುದೆಂದು ಲೆಕ್ಕ ಹಿಡಿಯಬಹುದು.

ಎತ್ತರದ ಸಾಲಿಗೆ ಸರ್ವೆ ಮರವು ಉತ್ತಮವಾದದ್ದು. ಬೇಗ ಬೆಳೆಯುವುದು, ಕೂದಲಿನಂತಹ ಅದರ ರೆಂಬೆಗಳು ಗಾಳಿಯನ್ನು ತಡೆಯದೆ ಸೋಸುವುವು. ಐದೈದು ಅಡಿಗೊಂದರಂತೆ ನೆಡಬಹುದು. ಸಿಲ್ವರ್ ಓಕ್ ಮರವೂ ಬೇಗ ಏಳುವುದಾದರೂ ವಯಸ್ಸಾದಂತೆ ಕೆಳಗಿನ ಕೊಂಬೆಗಳನ್ನು ಕಳೆದುಕೊಳ್ಳುವುದು. ಬುಡದಲ್ಲಿ ಬರಿದಾದ ಸಾಲಿನ ಕೆಳಗೆ ಗಾಳಿಯು ಬಯಲಿನಲ್ಲಿಗಿಂತಲೂ ವೇಗವಾಗಿ ನುಗ್ಗುವುದರಿಂದ, ಈ ಮರವನ್ನು ಒಂಟಿ ಸಾಲಾಗಿ ಹಾಕಕೂಡದು. ಹೊಂಗೆಯು ನಿಧಾನ, ಆದರೆ ದೀರ್ಘಕಾಲ ನಿಲ್ಲುವುದಲ್ಲದೆ ವರ್ಷ ವರ್ಷವೂ ಸೊಪ್ಪಿನ ಗೊಬ್ಬರವನ್ನು ಕೊಡುವುದು. ನನ್ನ ಅಭಿಪ್ರಾಯದಲ್ಲಿ ಸರ್ವೆ ಮರಗಳ ನಡುನಡುವೆ 15 ಅಡಿಗೊಂದು ಹೊಂಗೆಯನ್ನು ಹಾಕಿ, ಹೊಂಗೆಯು ಮೇಲೆದ್ದ ಮೇಲೆ ಸರ್ವೆಯನ್ನು ಸರದಿಯ ಮೇಲೆ ಕಡಿದು ಮಾರುವುದು ಲಾಭಕರವು. ನುಗ್ಗೆಯನ್ನು ಕಾಯಿಯ ಆಸೆಗಾಗಿ ನೆಡುವವರುಂಟು. ಅದರ ಕೊಂಬೆಯು ಮೊದಲನೆಯ ಬಿರುಗಾಳಿಗೇ ಮುರಿದು ಬಾಳೆಯ ಮೇಲೆ ಬೀಳುವುದು. ಬಿದಿರು ಮತ್ತು ನೀಲಗಿರಿ ಮರಗಳು ತೋಟದ ನೀರಿಗೂ ಸಾರಕ್ಕೂ ಪಾಲುಗಾರರಾಗುವುದರಿಂದ ದೂರವಿಡತಕ್ಕವು.

ಎತ್ತರದ ಸಾಲಿನ ಹೊರಬದಿಗೆ, ಗಾಳಿ ಬರುವ ಕಡೆಗೆ, ಬುಡವನ್ನು ಮುಚ್ಚತಕ್ಕ ಪೊದೆಯ ಸಾಲೊಂದು ಅವಶ್ಯವು. ದನ ಮೇಯದ ಲಕ್ಕಿಯ ಕಡ್ಡಿಗಳನ್ನು ಅಡಿಗೊಂದರಂತೆ ನೆಡಬಹುದು. ಬೇಲಿಯೂ ಆಗಬೇಕೆಂದರೆ ಸೀಮೆಹುಣಸೆಯ ಬೀಜವನ್ನು ಒತ್ತಾಗಿ ಬಿತ್ತಿ ಸವರುತ್ತಿರಬಹುದು. ಅಡಿಕೆಯ ತೋಟವಿರುವವರು ನೈರುತ್ಯದ ಮೂಲೆಯನ್ನು ಬಿಡದೆ ಈ ಸಾಲುಗಳನ್ನು ದಕ್ಷಿಣಕ್ಕೂ ತಿರುಗಿಸತಕ್ಕದ್ದು. ಸೂರ್ಯನು ದಕ್ಷಿಣಕ್ಕೆ ವಾಲಿರುವ ತಿಂಗಳುಗಳಲ್ಲಿ ಇಳಿಹೊತ್ತಿನ ಬಿಸಿಲು ಅಡಿಕೆಯ ಕಾಂಡವನ್ನು ಸುಟ್ಟು ಸೀಳಿಸುವುದು. ಅಂತಹ ಮರವು ಮುಂದೆ ಗಾಳಿಗೆ ಸೀಳಿದ ಕಡೆಯಲ್ಲಿಯೇ ಮುರಿಯುವುದು.

ಇನ್ನು ಊರಿನವರು ಗಮನಿಸಬೇಕಾದ ವಿಷಯ. ಸಾಲಿನಲ್ಲಿ ಒಂದು ಗಂಡಿಯಿದ್ದರೆ ಗಾಳಿಯೆಲ್ಲವೂ ಅಲ್ಲಿ ಕೂಡಿ ನುಗ್ಗುವುದು. ಸಾಲು ಮೋಟಾಗಿದ್ದರೆ ಎರಡು ಕೊನೆಗಳನ್ನೂ ಸುತ್ತಿ ಬರುವುದು. ಆದ್ದರಿಂದ ಒಂದೇ ಬಯಲಿನಲ್ಲಿ ತೋಟವಿರುವ ನಾಲ್ಕಾರು ಮಂದಿ ತಮ್ಮ ತಮ್ಮ ಎಲ್ಲೆಗೆ ನಿಲ್ಲಿಸದೆ ಒಂದೇ ಸಾಲನ್ನು ಎಡೆಬಿಡದೆ ಒಯ್ಯುವುದು ಯೋಗ್ಯವು. ಗಾಡಿಯ ದಾರಿ ಬಿಡಬೇಕಾದಲ್ಲಿ ಅದನ್ನು ನೇರವಾಗಿ ಬಿಡದೆ ಓರೆಯಾಗಿ ಬಿಡತಕ್ಕದ್ದು. ಪಡುವಣ ನೆರೆಯವನ ಹೊಲಕ್ಕೆ ಬೆಳಗಿನ ನೆರಳೂ ಬೇರೂ ತಗಲುವುದರಿಂದ, ಎಲ್ಲೆಯಿಂದ ಎಷ್ಟು ದೂರದಲ್ಲಿ ನೆಡಬೇಕು, ಕಡಿದ ಮರದಲ್ಲಿ ಅವನಿಗೇನಾದರೂ ಪಾಲುಂಟೇ ಎಂಬುದನ್ನು ಗುಂಡಿ ತೆಗೆಯುವುದಕ್ಕೆ ಮುಂಚೆಯೇ ಹಿರಿಯರ ಎದುರಿಗೆ ಮಾತನಾಡಿಕೊಳ್ಳುವುದು ಮೇಲು. ಮರ ಬೆಳೆದ ಮೇಲೆ ಹುಟ್ಟುವ ವ್ಯಾಜ್ಯವು ಮರದಷ್ಟೇ ಗಟ್ಟಿಯಾಗಿರುವುದು.

ವೈಶಾಖದಲ್ಲಿ ಒಂದೂವರೆ ಅಡಿ ಚೌಕದ ಗುಂಡಿಗಳನ್ನು ತೆಗೆದು, ಕೊಳೆತ ಗೊಬ್ಬರವನ್ನು ಮೇಲ್ಮಣ್ಣಿನೊಡನೆ ಬೆರೆಸಿ ತುಂಬಿ, ಮುಂಗಾರು ಹಿಡಿದ ಕೂಡಲೆ ಸಸಿಗಳನ್ನು ನೆಡತಕ್ಕದ್ದು. ತೋಟವನ್ನು ಹೊಸದಾಗಿ ಹಾಕುವವರು ಎರಡು ವರ್ಷ ಮುಂಚಿತವಾಗಿ ಮರೆಯನ್ನು ಹಾಕುವುದು ಒಳ್ಳೆಯದು. ಅಷ್ಟು ಕಾಯಲಾರದವರು ಒಳಬದಿಗೆ ಅಗಸೆಯನ್ನು ಬಿತ್ತಿಕೊಳ್ಳಬಹುದು. ಅದು ಅಲ್ಪಾಯುಷಿಯಾದರೂ ಅಷ್ಟು ಕಾಲಕ್ಕೆ ಸಾಕು. ಮರದ ಬೇರು ತೋಟಕ್ಕೆ ಹರಿಯದಂತೆ, ಸಾಲಿನಿಂದ ಆರೆಂಟು ಅಡಿ ಬಿಟ್ಟು ಮೂರು ಅಡಿ ಆಳದ ಕಾಲುವೆಯನ್ನು ತೆಗೆದು, ಎರಡು ವರ್ಷಕ್ಕೊಮ್ಮೆ ಅದರಲ್ಲಿ ಕಂಡ ಬೇರುಗಳನ್ನು ಕತ್ತರಿಸುತ್ತಿರಬೇಕು. ಮೊದಲನೆಯ ಬೇಸಗೆಯಲ್ಲಿ ಸಸಿಗಳಿಗೆ ಕೈನೀರು ಅವಶ್ಯವು. ಸತ್ತ ಸಸಿಯ ಜಾಗಕ್ಕೆ ಎರಡನೆಯ ಮಳೆಗಾಲದಲ್ಲಿಯೇ ಬೇರೊಂದನ್ನು ಹಾಕತಕ್ಕದ್ದು. ತಡಮಾಡಿ ಹಾಕಿದ್ದು ಅಕ್ಕಪಕ್ಕದ ಮರಗಳ ನೆರಳಿನಲ್ಲಿ ಮೇಲೇಳದೆ, ಗಂಡಿಯು ಗಂಡಿಯಾಗಿಯೇ ಉಳಿಯುವುದು.