ಉಪ್ಪುನೀರಿನ ಕೊಳದ ಪಂಪ್ ರೂಮಿನಲ್ಲಿ

ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟ್. ಕ್ಲಬ್‌ಹೌಸಿನ ಹಿಂದೆ ಈಜುಕೊಳ. ಗೇಟಿನ ಮೇಲೆ ‘ಸಾಲ್ಟ್ ವಾಟರ್ ಪೂಲ್’ ಎಂಬ ಫಲಕ. ಇದರಲ್ಲಿ ಕ್ಲೋರಿನ್ ಇಲ್ಲ, ಬರೀ ಉಪ್ಪು, ಅದಕ್ಕೇ ಮಕ್ಕಳನ್ನು ಧೈರ್ಯವಾಗಿ ಬಿಡುತ್ತೇವೆ ಎಂದು ಈಜಲು ಬಂದವರೊಬ್ಬರು ಹೇಳಿದರು. ಹೀಗೆ ನಂಬಿದವರು ಬಹಳ ಮಂದಿ. ಕೊಳದ ಪಕ್ಕದ ಮೆಟ್ಟಿಲಿಳಿದು ಪಂಪ್ ರೂಮಿಗೆ ಹೋದರೆ ನಿಜಸಂಗತಿ ಕಣ್ಣೆದುರೇ ಇದೆ.

ಮರಳಿನ ಫಿಲ್ಟರ್ ದಾಟಿ ಬರುವ ಪೈಪಿಗೆ ಪಾರದರ್ಶಕ ಕೊಳವೆಯೊಂದನ್ನು ಜೋಡಿಸಿದ್ದಾರೆ. ಒಳಗೆ ಒತ್ತೊತ್ತಾಗಿ ನಿಂತ ಟೈಟಾನಿಯಂ ಫಲಕಗಳು, ಅವುಗಳ ಮೇಲೆ ರುಥೇನಿಯಂ ಲೇಪ. ಇದಕ್ಕೆ ಸೆಲ್ ಎನ್ನುತ್ತಾರೆ. ವಿದ್ಯುತ್ ಹರಿದಾಗ ನೀರಿನಲ್ಲಿ ಕರಗಿದ ಉಪ್ಪು ಕ್ಲೋರಿನ್ ಆಗುತ್ತದೆ. ಫಲಕಗಳ ನಡುವಿನಿಂದ ಹೈಡ್ರೋಜನ್ನಿನ ಸಣ್ಣ ಗುಳ್ಳೆಗಳು ಹಾಲಿನ ಎಳೆಯಂತೆ ತೇಲಿ ಹೋಗುತ್ತವೆ. “ಇಲ್ಲೇ ನೋಡ್ರಿ ಮೇಡಂ ಕ್ಲೋರಿನ್ ತಯಾರಾಗೋದು. ಅದಿಲ್ದ ಈ ಪೂಲು ನಡೆಯಂಗಿಲ್ಲ” ಎಂದರು ಕೊಳ ನೋಡಿಕೊಳ್ಳುವ ಕೊಪ್ಪಳದ ಯುವಕ.

ಕೊಳ 15 ಮೀಟರ್ ಉದ್ದ, 6 ಮೀಟರ್ ಅಗಲ; ಸರಾಸರಿ 1.2 ಮೀಟರ್ ಆಳ. ಅಂದರೆ 1,08,000 ಲೀಟರ್ ನೀರು. ಲೀಟರಿಗೆ ಮೂರೂವರೆ ಗ್ರಾಂ ಲೆಕ್ಕದಲ್ಲಿ 378 ಕಿಲೋ ಉಪ್ಪು ಬೇಕು. ಸಮುದ್ರದ ನೀರಿನಲ್ಲಿ ಇದರ ಹತ್ತು ಪಟ್ಟು ಇರುತ್ತದೆ. ಗಂಟೆಗೆ 25 ಗ್ರಾಂ ಕ್ಲೋರಿನ್ ಕೊಡುವ ಸೆಲ್ ಎಂಟು ಗಂಟೆ ಓಡಿದರೆ 200 ಗ್ರಾಂ; ಈ ನೀರಿಗೆ ಅದು ಎರಡು ಪಿಪಿಎಂಗಿಂತ ತುಸು ಕಡಿಮೆ. ಪಂಪ್ ನಿಂತರೆ ಉತ್ಪಾದನೆಯೂ ನಿಂತಿತು. ಕರೆಂಟ್ ಕೈಕೊಟ್ಟ ದಿನ, ನಲವತ್ತು ಮಕ್ಕಳು ಒಟ್ಟಿಗೆ ಇಳಿದ ಭಾನುವಾರ, ಈ ಲೆಕ್ಕ ತಲೆಕೆಳಗು.

ಗೋಡೆಯ ಮೇಲಿನ ಪ್ಯಾನೆಲ್‌ನಲ್ಲಿ ಹಸಿರು ದೀಪ ಉರಿಯುತ್ತಿತ್ತು. ಉಪ್ಪು ಎಷ್ಟಿದೆ, ಸೆಲ್ ಎಷ್ಟು ಪ್ರತಿಶತ ಕೆಲಸ ಮಾಡುತ್ತಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಮೇಲೆ ಕೊಳದಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಹಸಿರು ದೀಪ ನೋಡಿ ರಿಜಿಸ್ಟರಿನಲ್ಲಿ ‘ಓಕೆ’ ಎಂದು ಬರೆಯುವ ಪದ್ಧತಿ ನಿಜಕ್ಕೂ ಅಪಾಯಕಾರಿ.

ಈ ಯುವಕ ಹಾಗೆ ಮಾಡುವುದಿಲ್ಲ. ನೀರು ಒಳಬರುವ ಬಾಯಿಂದ ದೂರ ಹೋಗಿ, ಮೊಣಕೈವರೆಗೆ ಕೈ ಮುಳುಗಿಸಿ ಪುಟ್ಟ ಸೀಸೆ ತುಂಬಿಕೊಂಡರು. ಕ್ಲೋರಿನ್ ಅಳೆಯುವ ಡಿಪಿಡಿ ಮಾತ್ರೆ ಹಾಕಿದ್ದೇ ತಡ, ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಬಿಳಿ ಹಾಳೆ ಹಿಂದಿಟ್ಟು ಪಟ್ಟಿಯ ಬಣ್ಣಕ್ಕೆ ಹೋಲಿಸಿ “ಎರಡು” ಎಂದರು. ಒಂದರಿಂದ ಮೂರು ಪಿಪಿಎಂ ಒಳಗಿದ್ದರೆ ಸಾಮಾನ್ಯವಾಗಿ ಸರಿ. ಒಂದು ಎಚ್ಚರಿಕೆ: ಕ್ಲೋರಿನ್ ವಿಪರೀತವಾದರೆ ಈ ಗುಲಾಬಿ ಬಣ್ಣವೇ ಮಾಯವಾಗಿ ನೀರು ತಿಳಿಯಾಗಿ ಕಾಣುತ್ತದೆ. ಅರಿಯದವರು ಸೊನ್ನೆ ಎಂದುಕೊಂಡು ಇನ್ನಷ್ಟು ಸುರಿಯುತ್ತಾರೆ.

ಎರಡನೆಯ ಸೀಸೆಯಲ್ಲಿ ಪಿಎಚ್ 8 ಮುಟ್ಟಿತ್ತು. ಉಪ್ಪುನೀರಿನ ಕೊಳದ ನಿತ್ಯದ ಕಾಟ ಇದು. ಸೆಲ್ಲಿನ ಗುಳ್ಳೆಗಳು ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೊರದೂಡುತ್ತವೆ, ಪಿಎಚ್ ಏರುತ್ತದೆ. 7.5ರಲ್ಲಿ ಅರ್ಧದಷ್ಟು ಕ್ಲೋರಿನ್ ಚುರುಕಾಗಿದ್ದರೆ, 8ರಲ್ಲಿ ಕಾಲುಭಾಗ ಮಾತ್ರ. ಅಂಕಿ ಎರಡೇ ಇದ್ದರೂ ರೋಗಾಣು ಕೊಲ್ಲುವ ಕಸುವು ಅರ್ಧಕ್ಕಿಳಿದಿರುತ್ತದೆ. ಕೈಗವಸು, ಕನ್ನಡಕ ತೊಟ್ಟು, ಬಕೆಟ್ ನೀರಿಗೆ ಹೈಡ್ರೋಕ್ಲೋರಿಕ್ ಆ್ಯಸಿಡ್ ಬೆರೆಸಿ, ಪಂಪ್ ಓಡುತ್ತಿರುವಾಗಲೇ ಅವರು ಆಳದ ಕಡೆ ನಿಧಾನವಾಗಿ ಸುರಿದರು. ಆ್ಯಸಿಡ್ಡಿನ ಕ್ಯಾನ್ ಇದ್ದ ಕೋಣೆಯಲ್ಲಿ ಕ್ಲೋರಿನ್ ಪುಡಿಯ ಡಬ್ಬಿ ಇರಲಿಲ್ಲ; ಇವೆರಡೂ ಬೆರೆತರೆ ಹುಟ್ಟುವುದು ವಿಷಾನಿಲ.

ಟ್ಯಾಂಕರ್ ನೀರಿನ ಗಡಸುತನ ಇನ್ನೊಂದು ತಲೆನೋವು. ಫಲಕಗಳ ಮೇಲೆ ಸುಣ್ಣದ ಬಿಳಿ ಪೊರೆ ಕಟ್ಟಿದರೆ ಕ್ಲೋರಿನ್ ಕುಸಿಯುತ್ತದೆ. ಆ ಪೊರೆಯನ್ನು ತೆಳು ಆ್ಯಸಿಡ್ಡಿನಲ್ಲಿ ನೆನೆಸಿ ತೆಗೆಯಬೇಕು. ಕೆರೆದರೆ ದುಬಾರಿ ಲೇಪವೇ ಹೋಗುತ್ತದೆ. ಬಿಸಿಲು ಕ್ಲೋರಿನ್ ತಿನ್ನದಂತೆ ಹಾಕುವ ಸಯನೂರಿಕ್ ಆಮ್ಲದಲ್ಲೂ ಕೈ ಬಿಗಿಯಿರಬೇಕು. ನೀರು ಆವಿಯಾದರೂ ಅದು, ಉಪ್ಪು ಎರಡೂ ಕೊಳದಲ್ಲೇ ಉಳಿಯುತ್ತವೆ. ಹೆಚ್ಚಾದರೆ ಒಂದಿಷ್ಟು ನೀರು ಹೊರಚೆಲ್ಲಿ ಹೊಸ ನೀರು ತುಂಬುವುದೇ ಸಾಮಾನ್ಯ ದಾರಿ. 2024ರ ಮಾರ್ಚ್‌ನಲ್ಲಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ ಊರಿದು. ಇಲ್ಲಿ ಕೊಳ ಖಾಲಿ ಮಾಡುವುದು ಸಣ್ಣ ಮಾತಲ್ಲ.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಥ ಕೊಳವಿದ್ದರೆ ಮಕ್ಕಳನ್ನು ಇಳಿಸುವ ಮೊದಲು ರಿಜಿಸ್ಟರ್ ಕೇಳಿ ನೋಡಿ. ಆ ದಿನದ ಕ್ಲೋರಿನ್ ಮತ್ತು ಪಿಎಚ್, ಎರಡೂ ಅಂಕಿಯಲ್ಲಿ ಬರೆದಿರಬೇಕು. ಬರೀ ‘ಓಕೆ’ ಎಂದಿದ್ದರೆ, ಪರೀಕ್ಷೆಯಾಗುವವರೆಗೆ ಮಕ್ಕಳನ್ನು ದಡದಲ್ಲೇ ಕೂರಿಸಿ.