ಟ್ರೇಲರ್ ಎಳೆಯುವಾಗ ಹಿಂದಿನ ಗಾಲಿ ಬಿಸಿಯಾದರೆ ಕಾರಣ ಹುಡುಕುವ ಬಗೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಿನಿಂದ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಕಬ್ಬು ಮುಖ್ಯ ಬೆಳೆಯಾಗಿದೆ. ಹಂಗಾಮು ಆರಂಭವಾದೊಡನೆ ಕಡಿದ ಕಬ್ಬನ್ನು ಕಾರ್ಖಾನೆಗೆ ಮುಟ್ಟಿಸುವ ಕೆಲಸದ ಬಹುಪಾಲು ಟ್ರ್ಯಾಕ್ಟರಿನ ಮೇಲೆ ಬೀಳುತ್ತದೆ. ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಜೋಡಿಸಿ ಹಗಲು ರಾತ್ರಿ ಓಡಿಸುವುದು ರೂಢಿ. ಕಡಿದ ಕಬ್ಬು ತಡವಾದಷ್ಟೂ ತೂಕ ಮತ್ತು ಸಕ್ಕರೆ ಅಂಶ ಇಳಿಯುವುದರಿಂದ ಎಲ್ಲರಿಗೂ ಅವಸರ. ಈ ಅವಸರದಲ್ಲಿ ಹಿಂದಿನ ಗಾಲಿಯಿಂದ ಸುಟ್ಟ ವಾಸನೆ ಬಂದರೂ 'ಭಾರ ಹೆಚ್ಚಾಗಿದೆ, ಅಷ್ಟೇ' ಎಂದು ಮುಂದೆ ಸಾಗುವವರಿದ್ದಾರೆ. ಇದು ಅಪಾಯಕರ. ಅತಿಯಾಗಿ ಕಾದ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ. ತುಂಬಿದ ಟ್ರೇಲರ್ ಹಿಂದಿನಿಂದ ನೂಕುತ್ತಿರುವಾಗಲೇ, ಅಂದರೆ ಬ್ರೇಕು ಅತ್ಯವಶ್ಯವಾದಾಗಲೇ, ಅದು ಕೈಕೊಡುತ್ತದೆ.

ಬಿಸಿಯಾದ ಗಾಲಿಯೇ ಯಾವಾಗಲೂ ಕೆಟ್ಟ ಗಾಲಿಯಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಆದುದರಿಂದ ಬಿಚ್ಚುವ ಮೊದಲು ಬಿಸಿ ಎಲ್ಲಿದೆ, ಯಾವಾಗ ಬರುತ್ತದೆ ಎಂಬುದನ್ನು ಗುರುತಿಸುವುದು ಅವಶ್ಯ.

ಮೊದಲ ಪರೀಕ್ಷೆ: ಬ್ರೇಕು ಒತ್ತದೆ ಓಡಿಸುವುದು

ಟ್ರ್ಯಾಕ್ಟರ್ ತಣ್ಣಗಿರುವಾಗ ಖಾಲಿ ಟ್ರೇಲರ್ ಜೋಡಿಸಿ, ಜನಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ 3-4 ಕಿಲೋಮೀಟರ್ ನಿಧಾನವಾಗಿ ಓಡಿಸಿರಿ. ಬ್ರೇಕನ್ನು ಆದಷ್ಟು ಬಳಸದೆ, ವೇಗ ಇಳಿಸಿ ನಿಲ್ಲಿಸಿರಿ. ನಂತರ ಟ್ರ್ಯಾಕ್ಟರಿನ ಎರಡೂ ಬದಿಯ ಬ್ರೇಕು ಮತ್ತು ಟ್ರೇಲರಿನ ಎಲ್ಲ ಹಬ್‌ಗಳ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿರಿ. ನೇರವಾಗಿ ಮುಟ್ಟಬಾರದು. ಸಂಶಯವಿದ್ದರೆ ಒಂದೆರಡು ಹನಿ ನೀರು ಚಿಮುಕಿಸಿರಿ. ಹನಿ ಚುರ್ ಎಂದು ಆವಿಯಾದರೆ ಅಲ್ಲಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟಿದೆ ಎಂದು ತಿಳಿಯಬೇಕು. ಬ್ರೇಕು ಒತ್ತದೆ ಇಷ್ಟು ಬಿಸಿ ಬರಬಾರದು.

ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿರುವ ಟ್ರ್ಯಾಕ್ಟರುಗಳಲ್ಲಿ ಎರಡೂ ಬದಿಯ ಕವಚ ಸಮನಾಗಿ ಬೆಚ್ಚಗಾಗುವುದು ಸಹಜ. ಒಂದೇ ಬದಿ ಹೆಚ್ಚು ಕಾದರೆ ಮಾತ್ರ ದೋಷವಿದೆ ಎಂದು ಅರ್ಥ.

ಬ್ರೇಕು ಒತ್ತದಿದ್ದರೂ ಬಿಸಿಯಾದರೆ

ಸಮನೆಲದಲ್ಲಿ ಟ್ರೇಲರ್ ಬಿಚ್ಚಿ, ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಬಿಸಿಯಾದ ಬದಿಯನ್ನು ಜಾಕ್ ಹಾಕಿ ಎತ್ತಿರಿ. ಆಕ್ಸಲಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಇಡದೆ ಕೈ ಹಾಕಬಾರದು. ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಬಿಟ್ಟು, ಗಾಲಿಯನ್ನು ಕೈಯಿಂದ ತಿರುಗಿಸಿರಿ.

1. ಗಾಲಿ ಬಿಗಿಯಾಗಿದ್ದು ಉಜ್ಜಿದ ಸಪ್ಪಳ ಬಂದರೆ ಬ್ರೇಕು ಪೂರ್ತಿ ಬಿಡುತ್ತಿಲ್ಲ. ಪೆಡಲಿಗೆ ಸಾಕಷ್ಟು ಸಡಿಲು ಇಲ್ಲದಿರುವುದು, ಹಿಂದೆಳೆಯುವ ಸ್ಪ್ರಿಂಗ್ ಸೋತಿರುವುದು, ಎರೆಮಣ್ಣು ಮೆತ್ತಿ ಅಥವಾ ತುಕ್ಕು ಹಿಡಿದು ಸರಳುಗಳು ಸಿಕ್ಕಿಕೊಂಡಿರುವುದು ಇದಕ್ಕೆ ಕಾರಣ. ಸಡಿಲಿನ ಅಳತೆ ಒಂದೊಂದು ಮಾದರಿಗೆ ಒಂದೊಂದು ರೀತಿ ಇರುವುದರಿಂದ ಟ್ರ್ಯಾಕ್ಟರಿನೊಡನೆ ಬಂದ ಪುಸ್ತಕ ನೋಡಿ ಎರಡೂ ಪೆಡಲುಗಳನ್ನು ಸಮನಾಗಿ ಹೊಂದಿಸಬೇಕು.

2. ಗಾಲಿ ಸಲೀಸಾಗಿ ತಿರುಗಿದರೂ ಗರಗರ ಸದ್ದು ಬಂದರೆ ಅಥವಾ ಅಲುಗಾಡಿಸಿದಾಗ ಆಡಿದರೆ ದೋಷ ಬೇರಿಂಗಿನಲ್ಲಿದೆ.

3. ಗಾಲಿಯಲ್ಲಿ ಯಾವ ದೋಷವೂ ಕಾಣದಿದ್ದರೆ ಚಾಲಕನ ಕಾಲು ನೋಡಿರಿ. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸದಿಂದ ಬ್ರೇಕು ಸದಾ ಉಜ್ಜುತ್ತಿರುತ್ತದೆ.

ಟ್ರೇಲರಿನ ಹಬ್ ಬಿಸಿಯಾಗಿದ್ದರೆ ಅದನ್ನೂ ಹೀಗೆಯೇ ಎತ್ತಿ ನೋಡಬೇಕು. ಸಾಮಾನ್ಯವಾಗಿ ಗ್ರೀಸ್ ಒಣಗಿರುತ್ತದೆ ಇಲ್ಲವೆ ನಟ್ಟು ಅತಿ ಬಿಗಿಯಾಗಿರುತ್ತದೆ. ಹಂಗಾಮಿಗೆ ಮುನ್ನ ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಬೇಕು. ಗಾಲಿ ತಿರುಗಿಸುತ್ತ ನಟ್ಟು ಬಿಗಿಮಾಡಿ, ಗಾಲಿ ಸಲೀಸಾಗಿ ತಿರುಗುವಷ್ಟು, ಆದರೆ ಅಲುಗಾಡದಷ್ಟು ಹಿಂದಕ್ಕೆ ಬಿಟ್ಟು, ಹೊಸ ಪಿನ್ನು ಹಾಕಬೇಕು.

ಬ್ರೇಕು ಒತ್ತಿದಾಗ ಮಾತ್ರ ಬಿಸಿಯಾದರೆ

ಟ್ರೇಲರ್ ಇಲ್ಲದೆ, ಖಾಲಿ ಬಯಲಿನಲ್ಲಿ, ಎರಡೂ ಪೆಡಲುಗಳನ್ನು ಕೊಂಡಿಯಿಂದ ಜೋಡಿಸಿ, ಸಾವಕಾಶ ಹೋಗುತ್ತ ಬ್ರೇಕು ಒತ್ತಿರಿ. ಟ್ರ್ಯಾಕ್ಟರ್ ಬಿಸಿಯಾಗುವ ಬದಿಗೇ ಎಳೆದರೆ ಆ ಬದಿಯ ಬ್ರೇಕು ಒಂಟಿಯಾಗಿ ದುಡಿಯುತ್ತಿದೆ ಎಂದರ್ಥ. ಆಗ ತಣ್ಣಗಿರುವ ಬದಿಯನ್ನು ಬಿಚ್ಚಿ ನೋಡಬೇಕು. ಒಣ ಬ್ರೇಕುಗಳಲ್ಲಿ ಆಯಿಲ್ ಸೀಲ್ ಹರಿದು ಎಣ್ಣೆ ಲೈನರಿಗೆ ತಗುಲಿದ್ದರೆ ಆ ಬದಿ ಜಾರುತ್ತದೆ, ಬಿಸಿಯೂ ಆಗುವುದಿಲ್ಲ. ಬಿಸಿಯಾದ ಬದಿಗೆ ಮಾತ್ರ ಹೊಸ ಲೈನರ್ ಹಾಕಿಸಿದರೆ ಹಣ ಖರ್ಚಾಗುತ್ತದೆ, ದೋಷ ಹಾಗೇ ಉಳಿಯುತ್ತದೆ.

ಎರಡೂ ಬದಿ ಸಮನಾಗಿ ಕಾದರೆ ಬ್ರೇಕಿನಲ್ಲಿ ದೋಷವಿರದೆ ಅದರ ಮೇಲಿನ ಕೆಲಸವೇ ಹೆಚ್ಚಾಗಿರಬಹುದು. ಬ್ರೇಕಿಲ್ಲದ ಟ್ರೇಲರ್ ಎಳೆಯುವಾಗ ಟ್ರ್ಯಾಕ್ಟರಿನ ಎರಡು ಬ್ರೇಕುಗಳೇ ಇಡೀ ಗಾಡಿಯನ್ನು ತಡೆಯಬೇಕಾಗುತ್ತದೆ. ವೇಗ ಎರಡರಷ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಅಂದರೆ ಅದೇ ಹೇರನ್ನು ಗಂಟೆಗೆ 15 ಕಿಲೋಮೀಟರ್ ಬದಲು 30 ಕಿಲೋಮೀಟರ್ ವೇಗದಿಂದ ನಿಲ್ಲಿಸಿದಾಗ ಬ್ರೇಕಿನಲ್ಲಿ ಸುಮಾರು ನಾಲ್ಕು ಪಟ್ಟು ಶಾಖ ಹುಟ್ಟುತ್ತದೆ. ಕಾರ್ಖಾನೆಯ ತೂಕದ ಚೀಟಿಯನ್ನು ನೋಂದಣಿ ಪತ್ರದಲ್ಲಿ ಬರೆದ ಭಾರದೊಡನೆ ಹೋಲಿಸಿ ನೋಡಿದರೆ ಹೇರು ಎಷ್ಟು ಮೀರಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರು ತೆಗೆದು ಬಿಡುವುದು ಇನ್ನೊಂದು ಕಾರಣ. ಇದರಿಂದ ಇಂಜಿನ್ನಿನ ತಡೆ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇಳಿಜಾರು ತಲುಪುವ ಮೊದಲೇ ಕೆಳಗಿನ ಗೇರಿಗೆ ಹಾಕಿಕೊಂಡು ಇಳಿಯಬೇಕು. ಕ್ಲಚ್ಚನ್ನೂ ಒತ್ತಿ ಹಿಡಿಯಬಾರದು.

ದಾರಿಯಲ್ಲಿ ಬ್ರೇಕು ಕಾದಾಗ

- ರಸ್ತೆಯ ಬದಿ ಸಮನೆಲದಲ್ಲಿ, ಒಣ ರವದಿಯಿಂದ ದೂರ ನಿಲ್ಲಿಸಿ ತಾನಾಗಿ ಆರಲು ಬಿಡಿರಿ. ಗಾಲಿಗೆ ಸುತ್ತಿದ ರವದಿಯನ್ನು ಕೋಲಿನಿಂದ ತೆಗೆಯಿರಿ. ಅದಕ್ಕೆ ಬೆಂಕಿ ಹತ್ತುವ ಸಂಭವವಿದೆ.
- ಕೊಡದಿಂದ ನೀರು ಸುರಿಯಬಾರದು. ಕಾದ ಡ್ರಮ್ ಸೀಳುವ ಸಾಧ್ಯತೆ ಇದೆ.
- ಹ್ಯಾಂಡ್ ಬ್ರೇಕ್ ಎಳೆದಿಡುವ ಬದಲು ಗಾಲಿಗಳಿಗೆ ಕಲ್ಲು ಕೊಡಿರಿ.
- ಆರಿದ ಮೇಲೆ ಪೆಡಲ್ ಗಟ್ಟಿಯಾಗಿ ಹಿಡಿಯುತ್ತದೆಯೇ ಎಂದು ಪರೀಕ್ಷಿಸದೆ ಹೊರಡಬಾರದು.

ರಸ್ತೆಯ ಮೇಲೆ ಓಡಿಸುವಾಗ ಎರಡೂ ಪೆಡಲುಗಳ ಕೊಂಡಿ ಹಾಕಿರಲೇಬೇಕು. ಹೊಲದಲ್ಲಿ ತಿರುಗಿಸಲು ಬಿಚ್ಚಿದ ಕೊಂಡಿಯನ್ನು ಮರೆತು ಹೇರಿನೊಡನೆ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಪಲ್ಟಿಯಾಗಬಹುದು. ಕಾರ್ಖಾನೆಯ ಅಂಗಳದಲ್ಲಿ ಪಾಳಿಗಾಗಿ ಕಾಯುವಾಗ ಒಂದು ಸುತ್ತು ಬಂದು ಪ್ರತಿಯೊಂದು ಹಬ್‌ನ ಹತ್ತಿರ ಕೈ ಹಿಡಿದು ನೋಡುವುದಕ್ಕೆ ಐದು ನಿಮಿಷ ಸಾಕು. ಇದಕ್ಕೆ ಖರ್ಚಿಲ್ಲ. ಉಳಿಯುವುದು ಮಾತ್ರ ಚಾಲಕನ ಜೀವ ಮತ್ತು ಎದುರಿಗೆ ಬರುವವರ ಜೀವ.