ಬೆಲೆಬಾಳುವ ಹೆಡ್‌ಫೋನಿನ ಮೊದಲ ಆಲಿಕೆ

ಬೆಲೆಬಾಳುವ ಹೊಸ ಹೆಡ್‌ಫೋನನ್ನು ಮೊದಲ ಸಲ ಕಿವಿಗೇರಿಸಿಕೊಂಡಾಗ, ಅದುವರೆಗೆ ಬಳಸುತ್ತಿದ್ದ ಹಳೆಯದಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ಎದ್ದು ಕೇಳಿಸುತ್ತದೆ. ವರ್ಷಗಟ್ಟಲೆ ಅಗ್ಗದ ಇಯರ್‌ಫೋನಿನಲ್ಲಿ ಹಾಡು ಕೇಳಿದ ಕಿವಿಗೆ ಅದರ ಉಬ್ಬಿದ ಬೇಸೇ ಸಹಜವೆನಿಸಿರುತ್ತದೆ. ಅಂಥ ಕಿವಿಗೆ ಸಮತೋಲದ ಹೆಡ್‌ಫೋನ್ ಹಾಕಿದರೆ ಮೊದಲ ನಿಮಿಷದಲ್ಲಿ ಹಾಡು ಸಪ್ಪೆಯಾಗಿ, ಬೇಸ್ ಇಲ್ಲದಂತೆ ತೋರಬಹುದು. ಇನ್ನೊಂದು ಕಂಪನಿಯದು ತಾಳದ ಝಣಝಣವನ್ನು, ಗಾಯಕರ ಉಸಿರನ್ನು ಎತ್ತಿ ತೋರಿಸಿ ಬೆರಗು ಹುಟ್ಟಿಸಬಹುದು. ಸಪ್ಪೆ ಎನಿಸಿದ್ದು ವಾರ ಕಳೆದ ಮೇಲೆ ಇಷ್ಟವಾಗುವುದೂ, ಬೆರಗು ಹುಟ್ಟಿಸಿದ್ದು ತಲೆನೋವು ತರುವುದೂ ಅಪರೂಪವಲ್ಲ. ಮೊದಲ ಆಲಿಕೆ ಕೆಲವು ವಿಷಯಗಳಲ್ಲಿ ನಂಬಿಕಸ್ಥ, ಕೆಲವುದರಲ್ಲಿ ಅಲ್ಲ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕು ಕೇಂದ್ರಗಳ ಕೇಳುಗರಿಗೆ ಈ ವ್ಯತ್ಯಾಸ ತಿಳಿದಿರುವುದು ಹೆಚ್ಚು ಅಗತ್ಯ. ಇಂಥ ಊರುಗಳ ಮೊಬೈಲ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ದಿನಬಳಕೆಯ ಇಯರ್‌ಫೋನು, ಬ್ಲೂಟೂತ್ ಬಡ್ಸ್. ಹತ್ತಾರು ಸಾವಿರ ರೂಪಾಯಿಯ ಹೆಡ್‌ಫೋನುಗಳನ್ನು ಸಾಲಾಗಿಟ್ಟುಕೊಂಡು, ಒಂದೊಂದನ್ನೇ ಕೇಳಿ ಆರಿಸಬೇಕೆಂದರೆ ಬೆಂಗಳೂರಿನ ಕಡೆ ಹೋಗಬೇಕು. ಹಾಗಾಗಿ ಆನ್‌ಲೈನಿನಲ್ಲಿ ತರಿಸುವುದೇ ರೂಢಿ. ವಾಪಸ್ ಕಳಿಸಲು ಕೊಡುವ ಅವಧಿ ಚಿಕ್ಕದು. ಕೆಲವು ಮಾಲಿಗೆ ಅದೂ ಇರುವುದಿಲ್ಲ. ಕೊರಿಯರ್ ಡಬ್ಬಿ ಬಿಚ್ಚಿದ ಮೊದಲ ಕೆಲವು ದಿನಗಳಲ್ಲೇ ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನವಾಗಬೇಕು.

ಹಾಡು ಶುರುವಾಗುವ ಮೊದಲೇ ತಿಳಿಯುವುದು ತೂಕ. ಸೆನ್‌ಹೈಸರ್ ಕಂಪನಿಯ ಹೆಸರುವಾಸಿ ಎಚ್‌ಡಿ 600 ಸುಮಾರು 260 ಗ್ರಾಂ ತೂಗುತ್ತದೆ. ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ5 ಸುಮಾರು 250 ಗ್ರಾಂ, ಆಪಲ್ಲಿನ ಏರ್‌ಪಾಡ್ಸ್ ಮ್ಯಾಕ್ಸ್ 385 ಗ್ರಾಂ. ಔಡೀಜ಼್ ಕಂಪನಿಯ ಎಲ್‌ಸಿಡಿ-ಎಕ್ಸ್ 600 ಗ್ರಾಂ ದಾಟುತ್ತದೆ. ಹತ್ತು ನಿಮಿಷಕ್ಕೆ ಇವು ಯಾವುವೂ ಭಾರವಲ್ಲ. ಒಂದೂವರೆ ಗಂಟೆಯ ಕಛೇರಿ ಕೇಳುವಷ್ಟರಲ್ಲಿ ನೆತ್ತಿ, ಕತ್ತು ಲೆಕ್ಕ ಒಪ್ಪಿಸುತ್ತವೆ. ಕುಷನ್ನಿನ ಬಟ್ಟೆಯೂ ಗಮನಿಸಬೇಕಾದ್ದು. ಜಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಚರ್ಮದಂಥ ಹೊದಿಕೆಯ ಕುಷನ್ ಕಿವಿ ಸುತ್ತ ಬೆವರು ಕಟ್ಟಿಸುತ್ತದೆ. ಮಖಮಲ್ಲಿನಂಥ ಬಟ್ಟೆಯದು ಗಾಳಿ ಆಡಲು ಬಿಡುತ್ತದೆ. ತೂಕ, ಬಿಗಿ, ಸೆಕೆ ಈ ಮೂರರಲ್ಲಿ ಮೊದಲ ದಿನದ ಅನುಭವವನ್ನು ಧಾರಾಳವಾಗಿ ನಂಬಬಹುದು. ಕಿವಿ ಹೊಸ ದನಿಗೆ ಒಗ್ಗಿಕೊಂಡಂತೆ ನೆತ್ತಿ ಹೊಸ ಭಾರಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ಹೆಡ್‌ಫೋನ್ ಕಿವಿಯ ಮೇಲೆ ಕೂರುವ ರೀತಿ ದನಿಯನ್ನೂ ಬದಲಿಸುತ್ತದೆ. ಕುಷನ್ ಮತ್ತು ಕೆನ್ನೆಯ ನಡುವೆ ಸಂದು ಉಳಿದರೆ ಮೊದಲು ಸೋರಿಹೋಗುವುದು ಬೇಸ್. ಕನ್ನಡಕದ ಕಡ್ಡಿ, ದಪ್ಪ ಜಡೆ, ಓಲೆ ಯಾವುದೂ ಈ ಸಂದು ಮಾಡಬಲ್ಲದು. ಪರೀಕ್ಷೆ ಸುಲಭ: ಹಾಡು ನಡೆಯುತ್ತಿರುವಾಗ ಎರಡೂ ಕಡೆಯ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲನೆ ಒತ್ತಬೇಕು. ಬೇಸ್ ಥಟ್ಟನೆ ಹೆಚ್ಚಿದರೆ ಹೆಡ್‌ಫೋನ್ ಸರಿಯಾಗಿ ಕೂತಿಲ್ಲ ಎಂದರ್ಥ. ಬಟ್ಟಲಿನ ಹಿಂಬದಿ ಮುಚ್ಚಿದ ಬಗೆಯವುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಒಳಗಿನ ಯಂತ್ರ ಬಹುತೇಕ ಎಲ್ಲದರಲ್ಲೂ ಒಂದೇ ಬಗೆ: ಒಂದು ಅಯಸ್ಕಾಂತ, ಅದರ ಸಂದಿನಲ್ಲಿ ಸಣ್ಣ ತಂತಿಸುರುಳಿ, ಸುರುಳಿಗೆ ಅಂಟಿಸಿದ, ಸಾಮಾನ್ಯವಾಗಿ 30ರಿಂದ 50 ಮಿಲಿಮೀಟರ್ ಅಗಲದ ತೆಳು ಪೊರೆ. ಸುರುಳಿಯಲ್ಲಿ ವಿದ್ಯುತ್ ಹರಿದಂತೆ ಪೊರೆ ಅದುರಿ ಗಾಳಿಯನ್ನು ಅಲುಗಿಸುತ್ತದೆ. ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ಅಲ್ಲಿನ ನೌಕಾಪಡೆಗೆ ಹೆಡ್‌ಫೋನ್ ಮಾಡಿಕೊಟ್ಟಿದ್ದು ಸಂದೇಶ ಕೇಳುವುದಕ್ಕಾಗಿ. ಮನೆಯಲ್ಲಿ ಕೂತು ಸ್ಟೀರಿಯೋ ಸಂಗೀತ ಕೇಳುವ ಸಾಧನವಾಗಿ ಅದನ್ನು ಮಾರಾಟಕ್ಕೆ ತಂದವರು ಜಾನ್ ಕಾಸ್, 1958ರಲ್ಲಿ. ದುಬಾರಿ ವರ್ಗದಲ್ಲಿ ಇನ್ನೆರಡು ಬಗೆಗಳಿವೆ. ಪ್ಲೇನಾರ್ ಎಂಬ ಬಗೆಯಲ್ಲಿ ತಂತಿಯನ್ನು ಸುರುಳಿ ಸುತ್ತದೆ ಪೊರೆಯ ಮೇಲೆಯೇ ಹರಡಿರುತ್ತಾರೆ. ಪೊರೆ ಇಡಿಯಾಗಿ ಒಮ್ಮೆಗೇ ಅಲುಗುತ್ತದೆ. ಇದಕ್ಕೆ ಬೇಕಾಗುವ ಸಾಲುಸಾಲು ಅಯಸ್ಕಾಂತಗಳೇ ಇಂಥ ಹೆಡ್‌ಫೋನುಗಳ ತೂಕಕ್ಕೆ ಕಾರಣ. ಎಲೆಕ್ಟ್ರೋಸ್ಟಾಟಿಕ್ ಬಗೆಯಲ್ಲಿ ಅಯಸ್ಕಾಂತವೇ ಇಲ್ಲ. ತೂತುಗಳುಳ್ಳ ಎರಡು ಫಲಕಗಳ ನಡುವೆ ವಿದ್ಯುದಾವೇಶ ಹೊತ್ತ ಅತಿ ತೆಳುವಾದ ಪೊರೆ ತೂಗಿರುತ್ತದೆ. ಜಪಾನಿನ ಸ್ಟಾಕ್ಸ್ ಕಂಪನಿ 1960ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅದರ ಈಗಿನ ಮಾದರಿಗಳ ಪೊರೆಗೆ 580 ವೋಲ್ಟ್ ಬೇಕು, ಆದ್ದರಿಂದ ಮೊಬೈಲಿಗೆ ಚುಚ್ಚಿ ಕೇಳುವಂತಿಲ್ಲ. ಪ್ರತ್ಯೇಕ ಆಂಪ್ಲಿಫೈಯರ್ ಬೇಕೇ ಬೇಕು.

ಕೊಳ್ಳುವವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ್ದು ತೆರೆದ ಬೆನ್ನಿನದೋ, ಮುಚ್ಚಿದ ಬೆನ್ನಿನದೋ ಎಂಬುದನ್ನು. ಸೆನ್‌ಹೈಸರ್ 1968ರಲ್ಲಿ ತಂದ ಎಚ್‌ಡಿ 414ರ ನಂತರ ತೆರೆದ ಬಗೆ ಜನಪ್ರಿಯವಾಯಿತು. ಬಟ್ಟಲಿನ ಹಿಂಬದಿಯ ಜಾಲರಿಯ ಮೂಲಕ ದನಿ ಹೊರಗೂ ಹೋಗುತ್ತದೆ, ಹೊರಗಿನ ದನಿ ಒಳಗೂ ಬರುತ್ತದೆ; ಸಂಗೀತ ತಲೆಯೊಳಗೆ ಇಕ್ಕಟ್ಟಾಗದೆ ಹರಡಿಕೊಂಡಂತೆ ಕೇಳುತ್ತದೆ. ಆದರೆ ಮೇಲೆ ಫ್ಯಾನ್ ತಿರುಗುತ್ತಿರುವ ಕೋಣೆಯಲ್ಲಿ, ಅಕ್ಕಿ ಗಿರಣಿಯ ಪಕ್ಕದ ಮನೆಯಲ್ಲಿ, ಟಿವಿ ಹಚ್ಚಿರುವ ನಡುಮನೆಯಲ್ಲಿ ತೆರೆದ ಹೆಡ್‌ಫೋನಿನ ಅರ್ಧ ಸೊಗಸು ಹೋದಂತೆಯೇ. ದಾವಣಗೆರೆಗೆ ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಶಬ್ದ ತಗ್ಗಿಸುವ ಮುಚ್ಚಿದ ಬಗೆಯೇ ಸರಿ. ಅದರ ಹೊರಗಿನ ಮೈಕು ಹೊರಶಬ್ದವನ್ನು ಹಿಡಿಯುತ್ತದೆ, ಒಳಗಿನ ಸರ್ಕಿಟ್ ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹೊರಡಿಸುತ್ತದೆ, ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅಮರ್ ಬೋಸ್‌ಗೆ 1978ರಲ್ಲಿ ವಿಮಾನ ಪ್ರಯಾಣದ ನಡುವೆ ಹೊಳೆದ ವಿಚಾರ ಇದು. ಅವರ ಕಂಪನಿ ಜನಸಾಮಾನ್ಯರಿಗಾಗಿ ಇಂಥ ಹೆಡ್‌ಫೋನ್ ಮಾರಲು ತೊಡಗಿದ್ದು 2000ದಲ್ಲಿ. ಎಂಜಿನ್ನಿನ ಗುಂಯ್ ಎಂಬ ಒಂದೇ ಸಮನೆಯ ತಗ್ಗುದನಿಯನ್ನು ಇದು ಚೆನ್ನಾಗಿ ನುಂಗುತ್ತದೆ. ಕಂಡಕ್ಟರರ ಸೀಟಿ, ಹಿಂದಿನ ಸೀಟಿನ ಮಾತು ಅಷ್ಟಾಗಿ ತಗ್ಗುವುದಿಲ್ಲ. ಇದು ತಿಳಿಯದೆ ಮೊದಲ ದಿನವೇ ಮಾಲು ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ.

ಮೊದಲ ಆಲಿಕೆ ನೀರಸವಾಗಲು ಹೆಡ್‌ಫೋನಿನ ಹೊರಗೂ ಕಾರಣವಿರಬಹುದು. ಎಚ್‌ಡಿ 600ರ ವಿದ್ಯುತ್ ತಡೆ 300 ಓಮ್. ಸಾಧಾರಣ ಮೊಬೈಲ್ ಇಂಥದನ್ನು ಪೂರ್ತಿ ದನಿಯಲ್ಲಿ ನುಡಿಸಲು ತಿಣುಕುತ್ತದೆ. ಬೇಯರ್‌ಡೈನಮಿಕ್ ಕಂಪನಿ ತನ್ನ ಡಿಟಿ 880 ಮಾದರಿಯನ್ನು 32, 250, 600 ಓಮ್ ಎಂದು ಬೇರೆಬೇರೆಯಾಗಿ ಮಾರಿದ್ದು ಇದೇ ಕಾರಣಕ್ಕೆ. ಮೊಬೈಲಿಗೇ ಹಾಕುವವರು ಕಡಿಮೆ ಓಮಿನದನ್ನು ಆರಿಸಬೇಕು, ಇಲ್ಲವೇ ಯುಎಸ್‌ಬಿ ಕಿಂಡಿಗೆ ಚುಚ್ಚುವ ಚಿಕ್ಕ ಡ್ಯಾಕ್ (ಡಿಜಿಟಲ್ ಮಾಹಿತಿಯನ್ನು ಹೆಡ್‌ಫೋನ್ ನುಡಿಸುವ ವಿದ್ಯುತ್ತಾಗಿ ಮಾರ್ಪಡಿಸುವ ಸಾಧನ) ಕೊಳ್ಳಬೇಕು. ಬ್ಲೂಟೂತಿನಲ್ಲಿ ಈ ತೊಂದರೆಯಿಲ್ಲ, ಆಂಪ್ಲಿಫೈಯರ್ ಹೆಡ್‌ಫೋನಿನಲ್ಲೇ ಇರುತ್ತದೆ. ಬದಲಿಗೆ ಹಾಡಿನ ಮಾಹಿತಿಯನ್ನು ಹಿಂಡಿ ಕಳಿಸಬೇಕಾಗುತ್ತದೆ: ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇದ್ದರೆ, ಸೋನಿಯ ಎಲ್‌ಡ್ಯಾಕ್ ಪದ್ಧತಿಯಲ್ಲಿ ಗರಿಷ್ಠ 990. ಬಹುಪಾಲು ಕೇಳುಗರಿಗೆ ಈ ಅಂತರಕ್ಕಿಂತ ಕುಷನ್ ಸರಿಯಾಗಿ ಕೂರದ ಅಂತರವೇ ದೊಡ್ಡದು.

ಇನ್ನು ಆಲಿಕೆ. ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಮೊದಲ ಕೆಲಸ ವಾಲ್ಯೂಮ್ ಸಮ ಮಾಡಿಕೊಳ್ಳುವುದು. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಂತೆ, ದನಿ ತಗ್ಗಿದಾಗ ನಮ್ಮ ಕಿವಿಗೆ ತಗ್ಗುಸ್ವರಗಳು ಮತ್ತು ತೀರ ಮೇಲಿನ ಸ್ವರಗಳು ಉಳಿದವಕ್ಕಿಂತ ಹೆಚ್ಚು ಕುಂದಿ ಕೇಳುತ್ತವೆ. ಹಾಗಾಗಿ ಒಂದು ಹೆಡ್‌ಫೋನ್ ಇನ್ನೊಂದಕ್ಕಿಂತ ತುಸುವೇ ಜೋರಾಗಿದ್ದರೂ ಅದೇ ತುಂಬುದನಿಯದು, ಅದೇ ಸ್ಪಷ್ಟ ಎನಿಸಿಬಿಡುತ್ತದೆ. ಒಂದೇ ಹಾಡಿನ ಒಂದೇ ಸಾಲನ್ನು ಎರಡರಲ್ಲೂ ಹಾಕಿ, ಗಾಯಕರ ದನಿ ಸಮವಾಗುವವರೆಗೆ ವಾಲ್ಯೂಮ್ ಸರಿಪಡಿಸಿಕೊಂಡ ಮೇಲೆ ಬಂದ ಅಭಿಪ್ರಾಯಕ್ಕೆ ಮಾತ್ರ ಬೆಲೆ.

ಯಾವ ಸಂಗೀತ ಹಾಕಬೇಕು? ನಿಜವಾದ ದನಿ ಹೇಗಿರುತ್ತದೆಂದು ಕಿವಿಗೆ ಚೆನ್ನಾಗಿ ಗೊತ್ತಿರುವಂಥದನ್ನು. ಹೊನ್ನಾಳಿ, ಚನ್ನಗಿರಿ ಸೀಮೆಯವರು ಡೊಳ್ಳನ್ನು ಎದುರು ನಿಂತು ಕೇಳಿ ಬೆಳೆದವರು. ಬೇಸಿನ ಪರೀಕ್ಷೆಗೆ ಒಳ್ಳೆಯ ಡೊಳ್ಳಿನ ರೆಕಾರ್ಡಿಂಗಿಗಿಂತ ಮೇಲಾದದ್ದು ಅವರಿಗೆ ಸಿಗಲಾರದು. ಡೊಳ್ಳಿನ ಒಂದು ಏಟಿನಲ್ಲಿ ಹಲವು ದನಿಗಳಿವೆ. ಕೋಲು ಚರ್ಮಕ್ಕೆ ತಾಗಿದ ಚುರುಕು ಸದ್ದು ಮೊದಲು ಬರುತ್ತದೆ. ಅದರ ಬೆನ್ನಿಗೇ ಒಡಲಿನ ಆಳದ ನಾದ ಏಳುತ್ತದೆ, ಮತ್ತೆ ಅದು ಇಳಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಬದಿಯಲ್ಲಿ ಬರಿಗೈಯ ಮೆತ್ತನೆ ಬಡಿತ ಬಿದ್ದಿರುತ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಕೋಲಿನ ಏಟೂ ಕೈಯ ಬಡಿತವೂ ಬೇರೆಬೇರೆಯಾಗಿ ಗುರುತಾಗುತ್ತವೆ, ಎರಡು ಏಟುಗಳ ನಡುವೆ ಬಿಡುವು ಕೇಳಿಸುತ್ತದೆ. ಬೇಸನ್ನು ಉಬ್ಬಿಸಿ ಮಾರುವ ಹೆಡ್‌ಫೋನಿನಲ್ಲಿ ಮೊದಲ ಏಟಿನ ನಾದ ಇಳಿಯುವ ಮುನ್ನವೇ ಎರಡನೆಯದು ಬಂದು ಸೇರಿ, ಎಲ್ಲವೂ ಒಂದು ಗುಡುಗಾಗುತ್ತದೆ. ಮೊದಲಿಗೆ ಆ ಗುಡುಗೇ ಹಿತವೆನಿಸಬಹುದು. ಕೋಲಿನ ಚುರುಕು ಎಲ್ಲಿ ಹೋಯಿತೆಂದು ಹುಡುಕಿದಾಗ ನ್ಯೂನತೆ ಬಯಲಾಗುತ್ತದೆ.

ಮೇಲಿನ ಸ್ವರಗಳಿಗೆ ತಂಬೂರಿಗಿಂತ ಕಟ್ಟುನಿಟ್ಟಾದ ಒರೆಗಲ್ಲಿಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಎಳೆ ದಾರವಿಟ್ಟು ಜವಾರಿ ಹೊಂದಿಸುತ್ತಾರೆ. ಆ ದಾರ ಸರಿಯಾದ ಜಾಗಕ್ಕೆ ಬಂದಾಗ ಮೀಟಿದ ಒಂದೇ ತಂತಿಯಿಂದ ಮೂಲಸ್ವರದ ಜೊತೆಗೆ ಅದರ ಮೇಲಿನ ಅನುಸ್ವರಗಳು ಒಂದಾದ ಮೇಲೊಂದು ಅರಳುತ್ತವೆ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಕಛೇರಿಯ ಆರಂಭದ ಆಲಾಪದಲ್ಲಿ, ದನಿ ನಿಂತ ಕಡೆ ತಂಬೂರಿಯ ಈ ನಾದ ತಾನೇತಾನಾಗಿ ಉಳಿಯುತ್ತದೆ. ಮೇಲಿನ ಸ್ವರ ಕುಂದಿದ ಹೆಡ್‌ಫೋನಿನಲ್ಲಿ ತಂಬೂರಿ ಬರಿಯ ಗುಂಯ್‌ಗುಟ್ಟುವಿಕೆ. ಮೇಲಿನದನ್ನು ಅತಿಯಾಗಿ ಎತ್ತಿದ ಹೆಡ್‌ಫೋನಿನಲ್ಲಿ ಅದು ತಗಡಿನ ಸದ್ದಾಗುತ್ತದೆ, ಹಾಡುವವರ ಸಕಾರ, ಶಕಾರಗಳು ಕಿವಿ ಚುಚ್ಚುತ್ತವೆ. ಗಂಗೂಬಾಯಿಯವರ ಗಡಸು ಮಂದ್ರದ ದನಿ ನಡುಸ್ವರಗಳ ಪರೀಕ್ಷೆಗೂ ಒದಗುತ್ತದೆ. ಅದರ ಭಾರ ಕಳೆದುಹೋಗಿ ದನಿ ತೆಳುವಾದರೆ ಹೆಡ್‌ಫೋನಿನಲ್ಲಿ ಕೊರತೆಯಿದೆ.

ಹಳೆಯ ಚಿತ್ರಗೀತೆಗಳು ಬೇರೆಯೇ ಬಗೆಯ ಅಚ್ಚರಿ ಒಡ್ಡುತ್ತವೆ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳಿ ರಾಜ್‌ಕುಮಾರ್ ಚಿತ್ರಗಳ ಹಾಡು ಕಲಿತ ತಲೆಮಾರು ಈ ತಾಲ್ಲೂಕುಗಳಲ್ಲಿದೆ. ಮೀಡಿಯಂ ವೇವ್‌ನಲ್ಲಿ ಹೆಚ್ಚೆಂದರೆ ಸುಮಾರು 5,000 ಹರ್ಟ್ಜ್‌ವರೆಗಿನ ದನಿ ಬರುತ್ತದೆ. ಮನುಷ್ಯರ ಕಿವಿ ಎಳವೆಯಲ್ಲಿ 20,000ದವರೆಗೂ ಕೇಳಬಲ್ಲದು. ಅದೇ ಹಾಡಿನ ಒಳ್ಳೆಯ ಪ್ರತಿಯನ್ನು ಈಗ ಕೇಳಿದರೆ ವಯೊಲಿನ್ನುಗಳ ಹೊಳಪು ಕಾಣುತ್ತದೆ, ಟೇಪಿನ ಸುಯ್ ಎನ್ನುವ ಸದ್ದೂ ಕೇಳಿಸುತ್ತದೆ. ಇವೆರಡನ್ನೂ ತೋರಿಸುವುದು ಹೆಡ್‌ಫೋನಿನ ಗುಣವೇ ಹೊರತು ದೋಷವಲ್ಲ. ಆ ಕಾಲದ ಬಹುಪಾಲು ಹಾಡುಗಳು ಮೋನೋ. ಎರಡೂ ಕಿವಿಗೆ ಒಂದೇ ದನಿ ಹೋದಾಗ ಮಿದುಳು ಅದನ್ನು ತಲೆಯ ನಟ್ಟನಡುವೆ ಕೂರಿಸುತ್ತದೆ. ಕೋಣೆಯಲ್ಲಿಟ್ಟ ಸ್ಪೀಕರಿನ ದನಿ ಎರಡೂ ಕಿವಿಗೂ ತುಸು ಹಿಂದುಮುಂದಾಗಿ, ಗೋಡೆಗಳಿಗೆ ಬಡಿದು ಬರುತ್ತದೆ. ಹೆಡ್‌ಫೋನಿನಲ್ಲಿ ಆ ಏರ್ಪಾಡಿಲ್ಲ. ವಾದ್ಯಗಳು ಎಷ್ಟು ಅಗಲಕ್ಕೆ ಹರಡಿವೆ ಎಂದು ನೋಡಲು ಸ್ಟೀರಿಯೋದಲ್ಲಿ ಮುದ್ರಿತವಾದದ್ದೇ ಬೇಕು. 1983ರ ‘ಪಲ್ಲವಿ ಅನುಪಲ್ಲವಿ’ಗೆ ಇಳಯರಾಜ ಕೊಟ್ಟ ಗಿಟಾರ್, ತಂತಿವಾದ್ಯಗಳ ಹೆಣಿಗೆ, 2022ರ ‘ಕಾಂತಾರ’ಕ್ಕೆ ಅಜನೀಶ್ ಲೋಕನಾಥ್ ಕಟ್ಟಿದ ದಟ್ಟ ಸಂಗೀತ ಇದಕ್ಕೆ ಒಳ್ಳೆಯ ಸಾಮಗ್ರಿ.

ಹೊಸ ಹೆಡ್‌ಫೋನನ್ನು ನೂರಾರು ಗಂಟೆ ನುಡಿಸಿ ಪಳಗಿಸಿದರೆ ದನಿ ಸುಧಾರಿಸುತ್ತದೆ ಎಂಬ ಮಾತು ಬಲವಾಗಿ ಪ್ರಚಾರದಲ್ಲಿದೆ. ಅಳತೆಯಲ್ಲಿ ಕಂಡುಬರುವ ಬದಲಾವಣೆ ತೀರ ಚಿಕ್ಕದು. ಕುಷನ್ ಮೆತ್ತಗಾಗಿ ಕಿವಿಗೆ ಹೊಂದಿಕೊಳ್ಳುವುದು ನಿಜ, ಕೇಳುಗರ ಕಿವಿಯೇ ಹೊಸ ದನಿಗೆ ಒಗ್ಗುವುದು ಇನ್ನೂ ನಿಜ. ಒಂದು ವಾರ ಹೊಸದರಲ್ಲೇ ಕೇಳಿ, ಆಮೇಲೆ ಹಳೆಯದನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯ ಉಪಾಯ. ಹೊಸದರ ಗುಣ ಆಗ ಮೊದಲ ದಿನಕ್ಕಿಂತ ಚೊಕ್ಕಟವಾಗಿ ತಿಳಿಯುತ್ತದೆ.

ಬೆಲೆ ಹೆಚ್ಚಿದಷ್ಟೂ ದನಿ ಉತ್ತಮವೇ? ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯೊಂದಿಗೆ ತಾಳೆ ನೋಡಿ 2017ರಲ್ಲಿ ಪ್ರಕಟಿಸಿದರು. ತಗ್ಗಿನಿಂದ ಮೇಲಿನವರೆಗೆ ಸ್ವರಗಳ ಸಮತೋಲ ಹೇಗಿದೆ ಎಂಬುದಕ್ಕೂ ಬೆಲೆಗೂ ಸಂಬಂಧ ಕಾಣಲಿಲ್ಲ. ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ ಬಹುಪಾಲು ಕೇಳುಗರು ಮೆಚ್ಚಿದ್ದು, ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ನುಡಿದಂತೆ ಕೇಳುವ ಸಮತೋಲವನ್ನು. ಹೆಚ್ಚಿನ ಬೆಲೆಗೆ ಸಿಗುವುದರಲ್ಲಿ ಲೋಹ, ಮರ, ಹೊಲಿಗೆ, ಹೆಸರು ಎಲ್ಲವೂ ಸೇರಿದೆ. ವರ್ಷಗಳ ನಂತರವೂ ಹೊಸ ಕುಷನ್, ಹೊಸ ವೈರ್ ಬಿಡಿಯಾಗಿ ದೊರೆಯುವುದೂ ಸೇರಿರಬಹುದು. ದಾವಣಗೆರೆಯಲ್ಲೂ ಸರ್ವಿಸ್ ಸಿಗದ ಮಾಲಿಗೆ ಈ ಕೊನೆಯ ಅನುಕೂಲ ದೊಡ್ಡದು. ಡಬ್ಬಿ ಬಿಚ್ಚಿದ ದಿನವೇ ವೈರ್ ಕಳಚಿ ಬರುತ್ತದೆಯೇ, ಕುಷನ್ ಕೈಯಲ್ಲೇ ಬಿಚ್ಚಬಹುದೇ ಎಂದು ನೋಡಿಕೊಳ್ಳುವುದು ಲೇಸು.

ಒಳ್ಳೆಯ ಹೆಡ್‌ಫೋನಿನಲ್ಲಿ ದನಿ ಒಡೆಯುವುದಿಲ್ಲವಾದ್ದರಿಂದ ವಾಲ್ಯೂಮ್ ಏರಿದ್ದು ಬೇಗ ತಿಳಿಯುವುದಿಲ್ಲ. ಮೊದಲ ದಿನಗಳ ಹುರುಪಿನಲ್ಲಿ ಇದರ ಅಪಾಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ವಯಸ್ಕರು 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್‌ಗೆ ಏರಿಸಿದರೆ ಮಿತಿ ವಾರಕ್ಕೆ 4 ಗಂಟೆಗೆ ಇಳಿಯುತ್ತದೆ. ಮಕ್ಕಳಿಗೆ 40 ಗಂಟೆಗೆ 75 ಡೆಸಿಬೆಲ್. ಇಂದಿನ ಬಹಳಷ್ಟು ಮೊಬೈಲುಗಳಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೌಲಭ್ಯವಿದೆ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಎಂದು ಉಳಿದರೆ, ಸುತ್ತಲಿನ ಮಾತು ಮಂದವಾಗಿ ಕೇಳಿದರೆ ದನಿ ಅತಿಯಾಗಿತ್ತೆಂದು ತಿಳಿದು ಕಿವಿಗೆ ಬಿಡುವು ಕೊಡಬೇಕು. ಅದು ದಿನಗಟ್ಟಲೆ ಹೋಗದಿದ್ದರೆ ಕಿವಿಯ ವೈದ್ಯರಿಗೆ ತೋರಿಸಬೇಕು.